ರಕ್ಷೆ ಹೆಚ್ಚಿದಂತೆ ಎಚ್ಚರ ಕುಗ್ಗುವುದೇ?

ಮನುಷ್ಯನು ತನ್ನ ದೇಹದ ದೌರ್ಬಲ್ಯವನ್ನು ಅರಿತ ದಿನದಿಂದಲೂ ರಕ್ಷೆಯನ್ನು ಹುಡುಕುತ್ತಲೇ ಬಂದಿದ್ದಾನೆ. ಮಳೆಗೆ ಕೊಡೆ, ಮುಳ್ಳಿಗೆ ಮೆಟ್ಟು, ಹೊಲಕ್ಕೆ ಬೇಲಿ, ಬಾವಿಗೆ ಕಟ್ಟೆ ಇವೆಲ್ಲವೂ ಆ ಹುಡುಕಾಟದ ಫಲಗಳು. ಇವುಗಳಿಂದ ಬದುಕು ಹಸನಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವುಗಳ ಬೆನ್ನಿಗೇ ಒಂದು ಸೂಕ್ಷ್ಮವಾದ ಪ್ರಶ್ನೆಯೂ ಹುಟ್ಟಿಕೊಂಡಿದೆ. ಕಾಲಿಗೆ ಮೆಟ್ಟು ಬಂದ ಮೇಲೆ ಮನುಷ್ಯನು ನೆಲವನ್ನು ನೋಡಿ ನಡೆಯುವುದನ್ನು ಬಿಟ್ಟನೇ? ಹೊರಗಿನ ರಕ್ಷೆ ಬೆಳೆದಂತೆಲ್ಲ ಒಳಗಿನ ಎಚ್ಚರ ಕರಗುತ್ತದೆಯೇ?

ಇದು ಕೇವಲ ತರ್ಕದ ವಿನೋದವಲ್ಲ. ನಮ್ಮ ಊರ ರಸ್ತೆಗಳಲ್ಲಿ ದಿನವೂ ಉತ್ತರವನ್ನು ಬೇಡುತ್ತಿರುವ ಪ್ರಶ್ನೆ. ಒಂದು ಕಾಲಕ್ಕೆ ಊರಿಗೊಂದೆರಡು ಇದ್ದ ಮೋಟಾರ್ ಸೈಕಲ್ಲು ಇಂದು ಮನೆಮನೆಯ ಅಂಗಳದಲ್ಲಿ ನಿಂತಿದೆ. ಹಾಲು ಹಾಕುವವನಿಂದ ಹಿಡಿದು ಶಾಲೆಯ ಮಾಸ್ತರರವರೆಗೆ ಎಲ್ಲರಿಗೂ ಅದೇ ವಾಹನ. ಅದರೊಡನೆ ಸಾವೂ ಅಂಗಳಕ್ಕೆ ಬಂದಿದೆ. ಕೇಂದ್ರ ಸರ್ಕಾರದ ಸಾರಿಗೆ ಸಚಿವಾಲಯವು ಪ್ರಕಟಿಸಿದ ಲೆಕ್ಕದಂತೆ 2022ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ 74,897 ಜನರು ದ್ವಿಚಕ್ರ ವಾಹನಗಳ ಮೇಲಿದ್ದವರು. ಈ ಸಂಖ್ಯೆಗಳ ಹಿಂದೆ ಇರುವ ಮನೆಗಳನ್ನು ನೆನೆದರೆ ಎಂಥವರ ಎದೆಯೂ ಭಾರವಾಗುತ್ತದೆ.

ಈ ಸಾವುಗಳನ್ನು ತಡೆಯಲು ವಿಜ್ಞಾನವು ಕೈಕಟ್ಟಿ ಕುಳಿತಿಲ್ಲ. ತಲೆಗೆ ಹೆಲ್ಮೆಟ್ಟು ಬಂದಿತು. ಆಮೇಲೆ ಎಬಿಎಸ್ ಎಂಬ ಬ್ರೇಕಿನ ಉಪಕರಣವು ಬಂದಿತು. ಸವಾರನು ಗಾಬರಿಯಿಂದ ಬ್ರೇಕನ್ನು ಗಟ್ಟಿಯಾಗಿ ಹಿಡಿದಾಗ ಚಕ್ರವು ತಿರುಗುವುದನ್ನೇ ನಿಲ್ಲಿಸಿ, ಟೈರು ರಸ್ತೆಯ ಮೇಲೆ ಜಾರಿ, ಗಾಡಿ ಬೀಳುತ್ತದೆಯಷ್ಟೆ. ಈ ಉಪಕರಣವು ಚಕ್ರದ ತಿರುಗುವಿಕೆಯನ್ನು ಕ್ಷಣಕ್ಷಣವೂ ಅಳೆಯುತ್ತಿದ್ದು, ಚಕ್ರವು ನಿಲ್ಲುವ ಹಂತಕ್ಕೆ ಬಂದೊಡನೆ ಬ್ರೇಕಿನ ಒತ್ತಡವನ್ನು ಒಂದಿಷ್ಟು ಸಡಿಲಿಸಿ ಮತ್ತೆ ಬಿಗಿಯುತ್ತದೆ. ಒಂದು ಸೆಕೆಂಡಿನಲ್ಲಿ ಇಂತಹ ಸಡಿಲಿಕೆ ಬಿಗಿತಗಳು ಹಲವು ಬಾರಿ ನಡೆಯುತ್ತವೆ. ನಮ್ಮ ದೇಶದಲ್ಲಿ 125 ಸಿ.ಸಿ.ಗೆ ಮೀರಿದ ಹೊಸ ಮಾದರಿಯ ದ್ವಿಚಕ್ರ ವಾಹನಗಳಿಗೆ 2018ರ ಏಪ್ರಿಲ್ 1ರಿಂದಲೂ, ಆ ವರ್ಗದ ಎಲ್ಲ ಹೊಸ ವಾಹನಗಳಿಗೆ 2019ರ ಏಪ್ರಿಲ್ 1ರಿಂದಲೂ ಇದು ಕಡ್ಡಾಯವಾಯಿತು.

ಹೀಗಿರಲು, ಕೆಲವರು ಹೇಳುವ ಮಾತನ್ನು ಓದುಗರೂ ಕೇಳಿರಬಹುದು. “ಈ ಉಪಕರಣಗಳಿಂದಲೇ ಹುಡುಗರು ಕೆಟ್ಟರು. ಹಿಂದೆ ಗಾಡಿ ಜಾರುತ್ತದೆಂಬ ಅಂಜಿಕೆಯಿತ್ತು, ನಿಧಾನವಾಗಿ ಹೋಗುತ್ತಿದ್ದರು. ಈಗ ಅಂಜಿಕೆ ಹೋಯಿತು, ಹಾರುತ್ತಿದ್ದಾರೆ” ಎಂಬುದು ಆ ಮಾತು. ಇದನ್ನು ಹಳಬರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ಇದನ್ನೇ ವಿದ್ವಾಂಸರೂ ಗಂಭೀರವಾಗಿ ಹೇಳಿದ್ದಾರೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ ಅವರು 1975ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಕಾರುಗಳಲ್ಲಿ ಸೊಂಟಪಟ್ಟಿ ಮುಂತಾದ ರಕ್ಷಣೆಗಳನ್ನು ಕಡ್ಡಾಯಗೊಳಿಸಿದುದರ ಫಲವನ್ನು ಅವರು ಲೆಕ್ಕಹಾಕಿದರು. ಕಾರಿನೊಳಗಿನವರಿಗೆ ಆದ ಲಾಭವು ಚಾಲಕರ ಹೆಚ್ಚಿದ ದುಡುಕಿನಿಂದ ಕೊಚ್ಚಿಹೋಯಿತು, ಅದರ ಭಾರವು ಕಾರಿನ ಹೊರಗಿದ್ದವರ ಮೇಲೆ ಬಿದ್ದಿತು ಎಂಬುದು ಅವರ ನಿರ್ಣಯ. ಅವರ ಲೆಕ್ಕಾಚಾರವನ್ನು ಮುಂದೆ ಅನೇಕರು ಪ್ರಶ್ನಿಸಿದರಾದರೂ, ಎತ್ತಿದ ಪ್ರಶ್ನೆ ಮಾತ್ರ ಉಳಿದುಕೊಂಡಿತು. ಕೆನಡಾದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ವೈಲ್ಡ್ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪ್ರತಿಯೊಬ್ಬನೂ ತನಗೆ ಒಪ್ಪಿಗೆಯಾಗುವಷ್ಟು ಅಪಾಯವನ್ನು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿರುತ್ತಾನೆ. ಒಂದು ಕಡೆ ಅಪಾಯವು ತಗ್ಗಿದರೆ ಇನ್ನೊಂದು ಕಡೆ ತಾನೇ ಹೆಚ್ಚಿಸಿಕೊಂಡು ಲೆಕ್ಕವನ್ನು ಸರಿಮಾಡುತ್ತಾನೆ ಎಂಬುದು ಅವರ ವಾದ.

ಈ ವಾದಕ್ಕೆ ಬಲವಾದ ಸಾಕ್ಷ್ಯವೂ ದೊರೆಯಿತು. ಜರ್ಮನಿಯ ಮ್ಯೂನಿಕ್ ನಗರದಲ್ಲಿ 1980ರ ದಶಕದಲ್ಲಿ ಒಂದು ಟ್ಯಾಕ್ಸಿ ಸಂಸ್ಥೆಯ ಕೆಲವು ಕಾರುಗಳಿಗೆ ಎಬಿಎಸ್ ಅಳವಡಿಸಿ, ಉಳಿದವನ್ನು ಮೊದಲಿನಂತೆಯೇ ಬಿಡಲಾಯಿತು. ಅವೇ ಬೀದಿಗಳು, ಅದೇ ಬಗೆಯ ಕಾರು, ಅದೇ ಕಸುಬಿನ ಜನ. ಹೊಸ ಬ್ರೇಕಿನ ಕಾರುಗಳಿಗೆ ಅಪಘಾತಗಳು ಬಹಳ ಕಡಿಮೆಯಾಗುವುವೆಂದು ಎಲ್ಲರೂ ನಿರೀಕ್ಷಿಸಿದ್ದರು. ಆದರೆ ಎರಡೂ ಗುಂಪುಗಳ ಅಪಘಾತಗಳ ಸಂಖ್ಯೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವೇ ಕಾಣಲಿಲ್ಲ. ಚಾಲಕರಿಗೆ ತಿಳಿಯದಂತೆ ವೀಕ್ಷಕರನ್ನು ಪ್ರಯಾಣಿಕರಾಗಿ ಕೂರಿಸಿ ನೋಡಿದಾಗ ಕಾರಣವು ಹೊರಬಿದ್ದಿತು. ಹೊಸ ಬ್ರೇಕು ಇದ್ದವರು ತಿರುವುಗಳನ್ನು ಹೆಚ್ಚು ಬಿರುಸಿನಿಂದ ತೆಗೆದುಕೊಳ್ಳುತ್ತಿದ್ದರು, ಮುಂದಿನ ವಾಹನಕ್ಕೆ ಹೆಚ್ಚು ಸಮೀಪವಾಗಿ ಹೋಗುತ್ತಿದ್ದರು. ಬ್ರೇಕು ಕೊಟ್ಟ ಲಾಭವನ್ನು ಕಾಲು ಖರ್ಚು ಮಾಡಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು.

ಹಾಗಾದರೆ ರಕ್ಷೆಯೇ ಅನರ್ಥಕ್ಕೆ ಮೂಲವೆಂದು ತೀರ್ಮಾನಿಸೋಣವೇ? ಅವಸರ ಬೇಡ. ಇನ್ನೊಂದು ಮಗ್ಗುಲನ್ನೂ ನೋಡದೆ ಕೊಡುವ ತೀರ್ಪು ನ್ಯಾಯವಾಗಲಾರದು.

1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ರಖ್ಯಾತ ಸೇನಾನಿ ಹಾಗೂ ಲೇಖಕ ಟಿ. ಇ. ಲಾರೆನ್ಸ್ ಮೋಟಾರ್ ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ತಲೆಯ ಮೇಲೆ ಶಿರಸ್ತ್ರಾಣವಿರಲಿಲ್ಲ. ಅವರನ್ನು ನೋಡಲು ಬಂದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಶಸ್ತ್ರಚಿಕಿತ್ಸಕರೂ ಒಬ್ಬರು. ಮೋಟಾರ್ ಸೈಕಲ್ ಸವಾರರ ತಲೆಯ ಗಾಯಗಳ ಅಧ್ಯಯನಕ್ಕೆ ಅವರು ಮುಂದೆ ತೊಡಗಿದರು. ಎರಡನೆಯ ಮಹಾಯುದ್ಧದ ಸಮಯದಲ್ಲಿ, 1941ರಲ್ಲಿ, ಹೆಲ್ಮೆಟ್ ಧರಿಸಿದ್ದವರ ಗಾಯಗಳು ಎಷ್ಟು ಹಗುರವಾಗಿರುತ್ತವೆ ಎಂಬುದನ್ನು ತೋರಿಸುವ ಲೇಖನವನ್ನು ಪ್ರಕಟಿಸಿದರು. ಅದೇ ವರ್ಷದ ಕೊನೆಗೆ ಬ್ರಿಟಿಷ್ ಸೇನೆಯು ತನ್ನ ಸವಾರರಿಗೆ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿತು. ನಾಗರಿಕರಿಗೆ ಆ ಕಾನೂನು ಬರಲು 1973ರವರೆಗೆ ಕಾಯಬೇಕಾಯಿತು. ಒಬ್ಬರ ಸಾವನ್ನು ಕಂಡ ಕಣ್ಣು ಲೆಕ್ಕವಿಲ್ಲದಷ್ಟು ಜನರ ಬದುಕಿಗೆ ದಾರಿಯಾಯಿತು. ಜಗತ್ತಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ತಜ್ಞರು, ಅಪಘಾತಕ್ಕೊಳಗಾದ ಸವಾರನು ಸಾಯುವ ಸಂಭವವನ್ನು ಹೆಲ್ಮೆಟ್ಟು ಸುಮಾರು ಶೇಕಡ 42ರಷ್ಟೂ, ತಲೆಗೆ ಗಾಯವಾಗುವ ಸಂಭವವನ್ನು ಸುಮಾರು ಶೇಕಡ 69ರಷ್ಟೂ ತಗ್ಗಿಸುತ್ತದೆಂದು ಕಂಡುಕೊಂಡಿದ್ದಾರೆ.

ಅಮೆರಿಕವು ತಿಳಿದೋ ತಿಳಿಯದೆಯೋ ಇದಕ್ಕೆ ತಿರುಗುಮುರುಗಾದ ಪ್ರಯೋಗವೊಂದನ್ನು ಮಾಡಿತು. 1975ರ ಹೊತ್ತಿಗೆ ಅಲ್ಲಿಯ 47 ರಾಜ್ಯಗಳಲ್ಲಿ ಹೆಲ್ಮೆಟ್ ಕಾನೂನು ಜಾರಿಯಲ್ಲಿತ್ತು. 1976ರಲ್ಲಿ ಕೇಂದ್ರದ ಒತ್ತಾಯವು ಸಡಿಲವಾದೊಡನೆ ಒಂದಾದ ಮೇಲೊಂದು ರಾಜ್ಯಗಳು ಆ ಕಾನೂನನ್ನು ತೆಗೆದುಹಾಕಿದವು, ಇಲ್ಲವೆ ದುರ್ಬಲಗೊಳಿಸಿದವು. ರಕ್ಷೆಯೇ ಅಜಾಗರೂಕತೆಗೆ ಕಾರಣವಾಗಿದ್ದ ಪಕ್ಷದಲ್ಲಿ, ಹೆಲ್ಮೆಟ್ ತೆಗೆದ ಸವಾರರು ಎಚ್ಚರಗೊಂಡು ಸಾವುಗಳು ತಗ್ಗಬೇಕಿತ್ತು. ಆದುದು ಅದಕ್ಕೆ ವಿರುದ್ಧ. ಕಾನೂನು ತೆಗೆದ ಕಡೆಗಳಲ್ಲಿ ಸಾವುಗಳು ಏರಿದವು. ಇತ್ತ ವಿಯೆಟ್ನಾಂ ದೇಶವು 2007ರ ಡಿಸೆಂಬರ್ 15ರಂದು ಎಲ್ಲ ಸವಾರರಿಗೂ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿದಾಗ, ಬೀದಿಯ ತುಂಬ ಮೋಟಾರ್ ಸೈಕಲ್ಲುಗಳೇ ಇರುವ ಆ ನಾಡಿನಲ್ಲಿ ತಲೆಯ ಗಾಯಗಳೂ ಸಾವುಗಳೂ ಕೆಲವೇ ತಿಂಗಳುಗಳಲ್ಲಿ ಇಳಿದವು. ಅಷ್ಟೇಕೆ, ಟ್ಯಾಕ್ಸಿಗಳಲ್ಲಿ ನಿರೀಕ್ಷಿತ ಫಲ ಕೊಡದ ಎಬಿಎಸ್ ಕೂಡ ಮೋಟಾರ್ ಸೈಕಲ್ಲುಗಳಲ್ಲಿ ಪ್ರಾಣ ಉಳಿಸುತ್ತಿದೆಯೆಂದೇ ಅಮೆರಿಕದ ವಿಮಾ ಸಂಸ್ಥೆಗಳ ಅಧ್ಯಯನಗಳು ತೋರಿಸಿವೆ.

ಒಂದು ಕಡೆ ಮ್ಯೂನಿಕ್ಕಿನ ಟ್ಯಾಕ್ಸಿ, ಇನ್ನೊಂದು ಕಡೆ ವಿಯೆಟ್ನಾಮಿನ ಹೆಲ್ಮೆಟ್. ಎರಡೂ ಸತ್ಯವೇ. ಈ ವಿರೋಧವನ್ನು ಹೇಗೆ ಬಗೆಹರಿಸುವುದು?

ರಕ್ಷೆಗಳಲ್ಲಿಯೇ ಎರಡು ಬಗೆಗಳಿವೆಯೆಂಬುದನ್ನು ಗಮನಿಸಿದರೆ ಗಂಟು ಸ್ವಲ್ಪಮಟ್ಟಿಗೆ ಬಿಚ್ಚಿಕೊಳ್ಳುತ್ತದೆ. ಹೆಲ್ಮೆಟ್ಟು ಪೆಟ್ಟು ಬಿದ್ದ ಮೇಲೆ ಕಾಯುವ ರಕ್ಷೆ. ಅದು ಸವಾರನ ಕೈಗೆ ಹೊಸ ಸಾಮರ್ಥ್ಯವನ್ನೇನೂ ಕೊಡುವುದಿಲ್ಲ. ಅದನ್ನು ಧರಿಸಿದ ಮಾತ್ರಕ್ಕೆ ಗಾಡಿ ಬೇಗ ನಿಲ್ಲುವುದಿಲ್ಲ, ತಿರುವಿನಲ್ಲಿ ಚೆನ್ನಾಗಿ ವಾಲುವುದಿಲ್ಲ. ಬಿದ್ದರೆ ಕೈಕಾಲು ಮುರಿಯುವ ಭಯವೂ ಹಾಗೆಯೇ ಉಳಿದಿರುತ್ತದೆ. ಆದಕಾರಣ ಅದರ ಲಾಭವನ್ನು ಬೇರೆ ಕಡೆ ಖರ್ಚು ಮಾಡುವ ಪ್ರಲೋಭನೆಯು ಕಡಿಮೆ. ಬ್ರೇಕಿನ ಉಪಕರಣವಾದರೋ ಸವಾರನಿಗೆ ಒಂದು ಶಕ್ತಿಯನ್ನೇ ಕೊಡುತ್ತದೆ. “ಎಲ್ಲಿ ಬೇಕಾದರೂ ನಿಲ್ಲಿಸಬಲ್ಲೆ” ಎಂಬ ಅನುಭವವು ಕೈಗೆ ನೇರವಾಗಿ ತಾಗುತ್ತದೆ. ಶಕ್ತಿಯು ಕೈಗೆ ಬಂದಾಗ ಅದನ್ನು ಬಳಸಿ ನೋಡುವ ಆಸೆಯೂ ಬೆನ್ನಿಗೆ ಬರುತ್ತದೆ. ಆದುದರಿಂದ ಉಪಕರಣದಿಂದ ದುಡುಕು ಹುಟ್ಟುವುದೇ ಇಲ್ಲವೆಂಬುದೂ ಸುಳ್ಳು, ಎಲ್ಲ ಉಪಕರಣವೂ ದುಡುಕನ್ನೇ ಹುಟ್ಟಿಸುತ್ತದೆಂಬುದೂ ಸುಳ್ಳು.

ಆದರೆ ಪ್ರಶ್ನೆಯ ಬೇರು ಇದಕ್ಕಿಂತ ಆಳದಲ್ಲಿದೆ. ಉಪಕರಣ ಬಂದೊಡನೆ ಎಚ್ಚರವು ಹೊರಟುಹೋಯಿತು ಎನ್ನುತ್ತೇವೆ. ಹಾಗೆ ಹೊರಟುಹೋದದ್ದು ನಿಜವಾಗಿಯೂ ಎಚ್ಚರವೇ? ಗಾಡಿ ಜಾರುತ್ತದೆಂಬ ಅಂಜಿಕೆಯಿಂದ ನಿಧಾನವಾಗಿ ಹೋಗುತ್ತಿದ್ದವನು, ಜಾರುವುದಿಲ್ಲವೆಂದು ತಿಳಿದೊಡನೆ ವೇಗ ಹೆಚ್ಚಿಸಿದನೆಂದರೆ, ಅವನಲ್ಲಿ ಇದ್ದದ್ದು ಭಯ ಮಾತ್ರ. ಭಯವು ಎಚ್ಚರದ ಉಡುಪನ್ನು ತೊಟ್ಟು ಇಷ್ಟು ದಿನ ತಿರುಗಾಡುತ್ತಿತ್ತು. ಉಪಕರಣವು ಬಂದು ಆ ಉಡುಪನ್ನು ಕಳಚಿತು, ಅಷ್ಟೆ. ಭಯಕ್ಕೆ ಕಾರಣವಿರುವವರೆಗೆ ಭಯವಿರುತ್ತದೆ, ಕಾರಣ ಹೋದರೆ ಅದೂ ಹೋಗುತ್ತದೆ. ಅರಿವಿನಿಂದ ಹುಟ್ಟಿದ ಎಚ್ಚರವು ಹಾಗಲ್ಲ. “ಈ ರಸ್ತೆಯಲ್ಲಿ ನಾನೊಬ್ಬನೇ ಇಲ್ಲ” ಎಂಬ ತಿಳಿವಳಿಕೆಯನ್ನು ಯಾವ ಬ್ರೇಕು ತಾನೇ ಕಡಿಮೆ ಮಾಡೀತು?

ಇದೇ ಭಯದ ಇನ್ನೊಂದು ಮುಖವನ್ನು ನಮ್ಮ ಬೀದಿಗಳಲ್ಲಿ ಪ್ರತಿನಿತ್ಯ ಕಾಣುತ್ತೇವೆ. ಪೊಲೀಸರು ನಿಲ್ಲುವ ವೃತ್ತ ಬರುವವರೆಗೆ ಹೆಲ್ಮೆಟ್ಟು ಕನ್ನಡಿಗೆ ನೇತಾಡುತ್ತಿರುತ್ತದೆ. ವೃತ್ತ ಕಂಡೊಡನೆ ತಲೆಗೇರುತ್ತದೆ, ದಾಟಿದೊಡನೆ ಕೆಳಗಿಳಿಯುತ್ತದೆ. ಮತ್ತೆ ಕೆಲವರು ದಂಡವನ್ನು ತಪ್ಪಿಸಿಕೊಳ್ಳಲೆಂದೇ ಟೊಪ್ಪಿಗೆಯಂತಹ ಅರೆ ಹೆಲ್ಮೆಟ್ಟನ್ನು ಕೊಂಡು, ಅದರ ಪಟ್ಟಿಯನ್ನೂ ಕಟ್ಟದೆ ಹೊರಡುತ್ತಾರೆ. ಬೀಳುವಾಗ ಅದು ತಲೆಗಿಂತ ಮೊದಲೇ ಹಾರಿಹೋಗುತ್ತದೆ. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು ದೇಶದಲ್ಲಿ 50,029 ಜನರು. ನೋಡಿರಿ, ರಕ್ಷೆ ಇದ್ದುದರಿಂದ ದುಡುಕಿದವರ ಕಥೆಯನ್ನು ನಾವು ಚರ್ಚಿಸುತ್ತಿದ್ದರೆ, ರಕ್ಷೆಯನ್ನೇ ಕೊಳ್ಳದೆ ದುಡುಕಿದವರ ಸಂಖ್ಯೆ ಇಷ್ಟಿದೆ! ದಂಡದ ಭಯಕ್ಕೆ ಹೆಲ್ಮೆಟ್ ಹಾಕುವವನೂ, ಜಾರುವ ಭಯ ಹೋದುದಕ್ಕೆ ವೇಗ ಹೆಚ್ಚಿಸುವವನೂ ಒಂದೇ ಗುರುವಿನ ಶಿಷ್ಯರು. ಆ ಗುರುವಿನ ಹೆಸರು ಭಯ.

ಇಲ್ಲಿ ಒಂದು ಆಕ್ಷೇಪವು ಬರಬಹುದು. “ಮನುಷ್ಯರಲ್ಲಿ ಹೆಚ್ಚಿನವರು ಭಯದಿಂದಲೇ ನಡೆಯುವವರು. ಹಾಗಿದ್ದರೆ ಭಯವನ್ನು ಉಳಿಸುವುದೇ ಜಾಣತನವಲ್ಲವೇ?” ಗಾರ್ಡನ್ ಟುಲ್ಲಕ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಹಾಸ್ಯಕ್ಕೆಂಬಂತೆ ಹೀಗೆಯೇ ಹೇಳಿದ್ದುಂಟು. ಕಾರಿನ ಸ್ಟಿಯರಿಂಗಿನ ನಡುವೆ ಚಾಲಕನ ಎದೆಗೆ ಗುರಿಯಿಟ್ಟ ಒಂದು ಚೂಪಾದ ಮೊಳೆಯನ್ನು ಜೋಡಿಸಿದರೆ, ಪ್ರತಿಯೊಬ್ಬನೂ ಇರುವೆಯ ಹಾಗೆ ನಿಧಾನವಾಗಿ ಹೋಗುವನಲ್ಲವೇ ಎಂಬುದು ಅವರ ಚಮತ್ಕಾರದ ಮಾತಿನ ತಾತ್ಪರ್ಯ.

ಮಾತು ಚಮತ್ಕಾರವಾಗಿದೆ, ನ್ಯಾಯವಾಗಿಲ್ಲ. ರಸ್ತೆಯ ಮೇಲೆ ಬೀಳುವವರೆಲ್ಲರೂ ದುಡುಕಿನವರೇ ಆಗಿರುವುದಿಲ್ಲ. ಒಬ್ಬನು ನಿಧಾನವಾಗಿಯೇ ಹೋಗುತ್ತಿರುವಾಗ ನಾಯಿಯೊಂದು ಅಡ್ಡ ಬರುತ್ತದೆ. ಮಳೆನೀರು ತುಂಬಿ ಮುಚ್ಚಿಹೋದ ತಗ್ಗಿಗೆ ಚಕ್ರ ಇಳಿಯುತ್ತದೆ. ಎದುರಿನ ಲಾರಿಯವನು ನಿದ್ದೆಯಿಂದ ತೂಗುತ್ತಾನೆ. ಹಿಂದೆ ಕುಳಿತ ಹೆಣ್ಣುಮಗಳ ಕೈಯಲ್ಲಿ ಗಾಡಿಯ ಹಿಡಿಕೆಯೂ ಇಲ್ಲ, ವೇಗದ ನಿರ್ಣಯವೂ ಇಲ್ಲ. ಇವರಿಗೆಲ್ಲ ಮೊಳೆಯ ಶಿಕ್ಷೆಯನ್ನು ವಿಧಿಸುವುದು ಯಾವ ಧರ್ಮ? ಒಂದು ಕ್ಷಣದ ಮೈಮರೆವಿಗೆ ಮರಣವೇ ದಂಡವೆನ್ನುವ ಏರ್ಪಾಡನ್ನು ಕರುಣೆಯುಳ್ಳ ಯಾವ ಸಮಾಜವೂ ಒಪ್ಪಲಾರದು. ರಕ್ಷೆಯು ಮನುಷ್ಯನ ತಪ್ಪಿಗೆ ಸಮಾಜವು ತೋರುವ ಕ್ಷಮೆ. ಕ್ಷಮೆಯನ್ನು ಕೆಲವರು ದುರುಪಯೋಗ ಮಾಡಿಕೊಂಡರೆಂದು ಕ್ಷಮೆಯನ್ನೇ ಲೋಕದಿಂದ ತೆಗೆದುಹಾಕಲಾಗದು.

ಹಾಗೆಂದು ದುರುಪಯೋಗವನ್ನು ಸಣ್ಣದೆಂದೂ ಬಗೆಯಬಾರದು. ಏಕೆಂದರೆ ಅದರ ಬೆಲೆಯನ್ನು ತೆರುವವನು ಸವಾರನೊಬ್ಬನೇ ಅಲ್ಲ. ಬ್ರೇಕಿನ ಲೆಕ್ಕವನ್ನೇ ನೋಡೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿಯು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಕ್ರಮಿಸುತ್ತದೆ. ಎದುರಿನ ಅಪಾಯವನ್ನು ಕಣ್ಣು ಕಂಡು, ಮನಸ್ಸು ಗ್ರಹಿಸಿ, ಕೈ ಬ್ರೇಕನ್ನು ಹಿಡಿಯುವಷ್ಟರಲ್ಲಿ ಹೆಚ್ಚುಕಡಿಮೆ ಆ ಒಂದು ಸೆಕೆಂಡು ಕಳೆದಿರುತ್ತದೆ. ಅಲ್ಲಿಯವರೆಗೆ ಅತ್ಯುತ್ತಮವಾದ ಉಪಕರಣವೂ ನಿದ್ರಿಸುತ್ತಿರುತ್ತದೆ. ಅದಕ್ಕೆ ಚಕ್ರದ ಸುತ್ತು ತಿಳಿಯುತ್ತದೆಯೇ ಹೊರತು ಚೆಂಡಿನ ಹಿಂದೆ ಓಡಿಬರುವ ಮಗು ಕಾಣುವುದಿಲ್ಲ. ಮರಳು, ಜಲ್ಲಿ ಹರಡಿದ ಕಡೆ ಅದೂ ಅಸಹಾಯಕ. ಇನ್ನು ಹೊಡೆತದ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 40ರ ವೇಗವು 60ಕ್ಕೆ ಏರಿದರೆ ವೇಗ ಒಂದೂವರೆ ಪಟ್ಟಾಯಿತು, ಆದರೆ ಗಾಡಿಯಲ್ಲಿ ತುಂಬಿಕೊಂಡ ಶಕ್ತಿಯು ಎರಡೂಕಾಲು ಪಟ್ಟಾಯಿತು. ಆ ಶಕ್ತಿಯನ್ನು ಮೈಮೇಲೆ ತೆಗೆದುಕೊಳ್ಳುವವನು ಎದುರಿಗೆ ಸಿಕ್ಕ ಪಾದಚಾರಿ. ಅವನ ತಲೆಗೆ ಹೆಲ್ಮೆಟ್ಟಿಲ್ಲ, ಕಾಲಿಗೆ ಎಬಿಎಸ್ ಇಲ್ಲ. 2022ರಲ್ಲಿ ಹೀಗೆ ವಿವಿಧ ವಾಹನಗಳಿಗೆ ಸಿಕ್ಕಿ ಸತ್ತ ಪಾದಚಾರಿಗಳು 32,825 ಜನರು.

ಇಲ್ಲಿಯೇ ಈ ಪ್ರಶ್ನೆಯು ಯಂತ್ರಶಾಸ್ತ್ರದ ಎಲ್ಲೆಯನ್ನು ದಾಟಿ ನೀತಿಯ ಅಂಗಳಕ್ಕೆ ಬರುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬುದು ಗಾದೆ. ರಸ್ತೆಯ ಮೇಲೆ ಈ ಗಾದೆಯೂ ತಲೆಕೆಳಗಾಗುತ್ತದೆ. ಉಪ್ಪು ತಿಂದವನೊಬ್ಬ, ನೀರು ಕುಡಿಯುವವನು ಮತ್ತೊಬ್ಬ. ಉಪಕರಣವು ಕೊಟ್ಟ ಸುರಕ್ಷತೆಯು ಒಂದು ಬಗೆಯ ಉಳಿತಾಯ. ಅದನ್ನು ಪ್ರಾಣರಕ್ಷಣೆಗೆಂದೇ ಇಟ್ಟುಕೊಳ್ಳುವುದು ಒಂದು ದಾರಿ. ವೇಗದ ಸುಖಕ್ಕೆ ಅದನ್ನು ಖರ್ಚು ಮಾಡುವುದು ಇನ್ನೊಂದು ದಾರಿ. ಎರಡನೆಯ ದಾರಿಯನ್ನು ಹಿಡಿದವನು ತನ್ನ ಉಳಿತಾಯವನ್ನಷ್ಟೇ ಖರ್ಚು ಮಾಡುತ್ತಿಲ್ಲ, ನೆರೆಯವನ ಗಂಟಿಗೂ ಕೈಹಾಕುತ್ತಿದ್ದಾನೆ. ತನ್ನನ್ನು ಕಾಯಲು ಬಂದ ರಕ್ಷೆಯನ್ನು ಇನ್ನೊಬ್ಬನ ಅಪಾಯವಾಗಿ ಪರಿವರ್ತಿಸುವುದು, ಎಷ್ಟೇ ಮೆಲುವಾಗಿ ಹೇಳಿದರೂ, ಒಂದು ಬಗೆಯ ಕಳವೇ.

ಆದುದರಿಂದ, ಓದುಗರೇ, “ರಕ್ಷೆಯು ಮನುಷ್ಯನನ್ನು ಅಜಾಗರೂಕನನ್ನಾಗಿ ಮಾಡುವುದೇ?” ಎಂಬ ಪ್ರಶ್ನೆಗೆ ಉತ್ತರವು ರಕ್ಷೆಯಲ್ಲಿಲ್ಲ, ಅದನ್ನು ಪಡೆದವನಲ್ಲಿದೆ. ಭಯವನ್ನೇ ನೆಚ್ಚಿ ನಡೆದವನಿಗೆ ರಕ್ಷೆಯು ಕಟ್ಟಳೆಯಿಂದ ಬಿಡುಗಡೆಯಂತೆ ಕಾಣುತ್ತದೆ. ಅರಿವಿನಿಂದ ನಡೆದವನಿಗೆ ಅದು ಒಂದು ಹೆಚ್ಚಿನ ಹೊಣೆಯಾಗಿ ಕಾಣುತ್ತದೆ. ಕಾನೂನು ಹೆಲ್ಮೆಟ್ಟನ್ನು ಕೊಡಿಸಬಲ್ಲುದು, ಕಾರ್ಖಾನೆಯು ಬ್ರೇಕನ್ನು ಜೋಡಿಸಬಲ್ಲುದು. ಎರಡೂ ಬೇಕು, ಅವುಗಳನ್ನು ಹೀಯಾಳಿಸುವುದು ಅವಿವೇಕ. ಆದರೆ ಅರಿವನ್ನು ಕೊಡುವ ಕೆಲಸವು ಮನೆಗೆ, ಶಾಲೆಗೆ, ಹಿರಿಯರಿಗೆ ಸೇರಿದ್ದು.

ಮಗನಿಗೆ ಗಾಡಿ ಕೊಡಿಸುವ ತಂದೆತಾಯಿಗಳು ಅದರ ಬಣ್ಣ, ಬೆಲೆ, ಮೈಲೇಜುಗಳನ್ನು ಕುರಿತು ವಾರಗಟ್ಟಲೆ ವಿಚಾರಿಸುತ್ತಾರೆ. ಒಂದು ಗಳಿಗೆ ಅವನನ್ನು ಎದುರಿಗೆ ಕೂರಿಸಿಕೊಂಡು ಒಂದು ಮಾತನ್ನೂ ಹೇಳಲಿ: “ಮಗು, ಈ ಗಾಡಿಗೆ ಒಳ್ಳೆಯ ಬ್ರೇಕಿದೆ ಎಂಬುದನ್ನು ಹೊರಡುವಾಗ ಮರೆತುಬಿಡು, ಆಪತ್ತು ಬಂದಾಗ ಅದು ತಾನಾಗಿಯೇ ನಿನ್ನನ್ನು ನೆನೆಯುತ್ತದೆ. ಹೆಲ್ಮೆಟ್ಟನ್ನು ಪೊಲೀಸರಿಗಾಗಿ ಹಾಕಿಕೊಳ್ಳಬೇಡ, ನೀನು ಮರಳಿ ಬರುವುದನ್ನು ಕಾಯುತ್ತಿರುವವರಿಗಾಗಿ ಹಾಕಿಕೋ. ರಸ್ತೆ ದಾಟುತ್ತಿರುವ ಮುದುಕನಿಗೂ ಅವನನ್ನು ಕಾಯುತ್ತಿರುವವರು ಇದ್ದಾರೆಂಬುದನ್ನು ಮಾತ್ರ ಮರೆಯಬೇಡ.”

ಇಷ್ಟು ಮಾತು ಎದೆಗೆ ಇಳಿದ ಸವಾರನಿಗೆ ಎಷ್ಟು ರಕ್ಷೆಗಳನ್ನು ಕೊಟ್ಟರೂ ಕೆಡುವುದಿಲ್ಲ. ಅವನ ವೇಗವನ್ನು ಅಳೆಯುವುದು ಬ್ರೇಕಿನ ಬಲವಲ್ಲ, ಎದುರಿಗೆ ಬರುವವರ ಮೇಲಿನ ಕನಿಕರ. ಅಂತಹ ಸವಾರರು ಮನೆಗೊಬ್ಬರಾದರೂ ಹೊರಟರೆ, ಉಪಕರಣಗಳು ತಾವು ಹುಟ್ಟಿದ ಉದ್ದೇಶವನ್ನು ಸಾರ್ಥಕಪಡಿಸಿಕೊಳ್ಳುತ್ತವೆ. ನಮ್ಮ ರಸ್ತೆಗಳೂ ಊರಿನಿಂದ ಊರಿಗೆ ಜನರನ್ನು ಸುಖವಾಗಿ ಮುಟ್ಟಿಸುವ ದಾರಿಗಳಾಗುತ್ತವೆ.